ಮೋಟಾರು ವಿದ್ಯೆಗೆ ಯಾವ ಕಾಲೇಜು?

(ಸಂಘದ ಸಭಾಗೃಹದಲ್ಲಿ ರವಿವಾರ ನಡೆದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ನನ್ನನ್ನು ಭಾಷಣಕ್ಕೆ ಕರೆದದ್ದು ನಮ್ಮ ಕಾರ್ಯದರ್ಶಿಗಳ ಧೈರ್ಯ. ನಾನು ಇಂಜಿನಿಯರನೂ ಅಲ್ಲ, ಮಾಸ್ತರನೂ ಅಲ್ಲ. ಕುಂದಾಪುರದ ಕಡೆಯ ಒಂದು ಹಳ್ಳಿಯಿಂದ ಹದಿಮೂರನೆಯ ವಯಸ್ಸಿಗೆ ಈ ಮುಂಬಯಿಗೆ ಬಂದು ಮಾಟುಂಗಾದ ಹೋಟೆಲಿನಲ್ಲಿ ಬಟ್ಟಲು ತೊಳೆದವನು. ರಾತ್ರಿ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದೆ. 1985ರಲ್ಲಿ ನಮ್ಮ ಧಣಿಗಳು ಎರ್ನಾಕುಳಂನಲ್ಲಿ ಹೋಟೆಲು ತೆರೆದಾಗ ನನ್ನನ್ನು ಅಲ್ಲಿಗೆ ಕಳಿಸಿದರು. ಮುಂದಿನ ಮೂವತ್ತೈದಕ್ಕೂ ಹೆಚ್ಚು ವರ್ಷ ಕೊಚ್ಚಿಯಲ್ಲೇ ಕಳೆದು, ಸಪ್ಲೈಯರನಾಗಿ, ಕಡೆಗೆ ಗಲ್ಲಾದ ಮೇಲೆ ಕುಳಿತು, ಈಗ ಮತ್ತೆ ನಿಮ್ಮ ನಡುವೆ ಬಂದಿದ್ದೇನೆ. ಮಗನ ಓದಿನ ವಿಷಯದಲ್ಲಿ ನಾನು ಒಮ್ಮೆ ಚೆನ್ನಾಗಿ ಮೋಸಹೋದೆ. ಎರಡನೆಯ ಸಲ ಹೋಗಲಿಲ್ಲ. ಹಾಗೆ ಮೋಸಹೋದ ಮೇಲೆ ಕಲಿತದ್ದನ್ನು ಹೇಳೆಂದು ಕೇಳಿದ್ದಾರೆ. ಅಷ್ಟೇ ನನ್ನ ಯೋಗ್ಯತೆ.

ಈ ಸಭೆಯಲ್ಲಿ ಏಳೆಂಟು ಮಂದಿಯ ಮಕ್ಕಳು ‘ಆಟೋಮೊಬೈಲ್ ಇಂಜಿನಿಯರಿಂಗ್’ ಎಂದು ಹಟ ಹಿಡಿದಿದ್ದಾರಂತೆ. ನನ್ನ ಮಗನದೂ ಅದೇ ಹಟವಾಗಿತ್ತು. ಎರ್ನಾಕುಳಂ ಬಸ್ ನಿಲ್ದಾಣದಲ್ಲಿ ನಿಂತು, ಬಸ್ಸು ಕಣ್ಣಿಗೆ ಬೀಳುವ ಮೊದಲೇ ಅದರ ಇಂಜಿನಿನ ಸದ್ದಿನಿಂದ ಯಾವ ಕಂಪನಿಯದೆಂದು ಹೇಳುತ್ತಿದ್ದ. ಇಂಥ ಹುಚ್ಚು ಒಳ್ಳೆಯದೇ. ಆದರೆ ಮಕ್ಕಳ ಹುಚ್ಚು ಎಲ್ಲಿದೆಯೆಂದು ನೋಡಿಕೊಂಡೇ ಬಲೆ ಬೀಸುವವರು ಇರುತ್ತಾರೆ.

2016ರಲ್ಲಿ ಅವನ ಹನ್ನೆರಡನೆಯ ತರಗತಿ ಮುಗಿಯಿತು. ಪ್ರವೇಶ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂತು. ಹೋಟೆಲಿಗೆ ದಿನಾ ಕಾಫಿಗೆ ಬರುತ್ತಿದ್ದ ಒಬ್ಬ ಗೃಹಸ್ಥ ನೆರೆರಾಜ್ಯದ ಒಂದು ಖಾಸಗಿ ಕಾಲೇಜಿನ ಪುಸ್ತಿಕೆ ತಂದು ತೋರಿಸಿದ. ಹೊದಿಕೆಯ ಮೇಲೆ ಕೆಂಪು ಬಣ್ಣದ ರೇಸಿನ ಕಾರು, ಒಳಗೆ ಗಾಜಿನ ಕಟ್ಟಡ, ನೂರಕ್ಕೆ ನೂರು ನೌಕರಿ ಎಂಬ ಮಾತು. ಮಗ ಆ ಪುಸ್ತಿಕೆಯನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದ. ನನ್ನ ಮನೆಯವಳು ಬಳೆ ಬಿಚ್ಚಿ ಕೊಟ್ಟಳು. ಒಂದೂವರೆ ಲಕ್ಷ ಮುಂಗಡ ಕಟ್ಟಿದೆವು. ನಾನು ಹೋಗಿ ಕಾಲೇಜನ್ನು ಕಣ್ಣಾರೆ ನೋಡಲಿಲ್ಲ. ಓಣಂ ಹತ್ತಿರ ಬಂದಿತ್ತು, ಹೋಟೆಲಿನಲ್ಲಿ ರಜೆ ಸಿಗಲಿಲ್ಲ ಎಂದು ಹೇಳಿಕೊಂಡೆ. ನಿಜವಾಗಿ ಹೇಳಬೇಕೆಂದರೆ, ಅಂಥ ದೊಡ್ಡ ಕಟ್ಟಡದೊಳಗೆ ಹೋಗಿ ಪ್ರಶ್ನೆ ಕೇಳಲು ನನಗೆ ಸಂಕೋಚ. ನಮ್ಮಲ್ಲಿ ಬಹಳ ಮಂದಿಗೆ ಈ ಸಂಕೋಚವಿದೆ. ಬಿಲ್ಲು ಕೊಡುವವರೇ ನಾವು, ಆದರೂ ಎದುರಿಗೆ ಕೋಟು ಕಂಡರೆ ನಮ್ಮ ಸ್ವರ ಇಳಿಯುತ್ತದೆ.

ಮೂರು ತಿಂಗಳಿಗೆ ಹುಡುಗ ಹಿಂದಿರುಗಿದ. ಕಾರ್ಯಾಗಾರವೆಂಬ ಕೋಣೆಯಲ್ಲಿ ಒಂದು ಹಳೆಯ ಇಂಜಿನನ್ನು ಅರ್ಧ ಕೊಯ್ದು, ಕೆಂಪು-ನೀಲಿ ಬಣ್ಣ ಬಳಿದು, ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದರಂತೆ. ಓಡುವ ಇಂಜಿನು ಒಂದೂ ಇಲ್ಲ. ಆ ವಿಷಯ ಕಲಿಸುವ ಮಾಸ್ತರು ಎರಡು ಸಲ ಬದಲಾದರು. ಕಟ್ಟಿದ ಹಣದಲ್ಲಿ ಮೂರನೆಯ ಒಂದು ಪಾಲು ಮಾತ್ರ ಹಿಂದಕ್ಕೆ ಬಂತು, ಅದೂ ಎಂಟು ತಿಂಗಳು ಅಲೆದ ಮೇಲೆ. ಕಾಫಿಯ ಗೃಹಸ್ಥ ಬೇರೆ ಹೋಟೆಲು ಹಿಡಿದ.

ಆ ರಾತ್ರಿ ಗಲ್ಲಾ ಲೆಕ್ಕ ಮುಗಿಸಿ ಕುಳಿತಾಗ ನನಗೆ ನಾಚಿಕೆಯಾಯಿತು. ಐವತ್ತು ಮೂಟೆ ಅಕ್ಕಿ ಕೊಳ್ಳುವಾಗ ನಾವು ಮೂಟೆಯ ಬಾಯಿ ನೋಡಿ ಕೊಳ್ಳುವುದಿಲ್ಲ. ಕೊಳವೆ ಚುಚ್ಚಿ ನಡುವಿನ ಅಕ್ಕಿ ತೆಗೆದು ಅಂಗೈಯಲ್ಲಿ ಹರಡಿ ನೋಡುತ್ತೇವೆ, ಎರಡು ಕಾಳು ಬಾಯಿಗೆ ಹಾಕುತ್ತೇವೆ. ಅಕ್ಕಿಗೆ ಇಷ್ಟು ಮಾಡುವ ನಾನು ಮಗನ ನಾಲ್ಕು ವರ್ಷಗಳನ್ನು ಚೀಲದ ಮೇಲಿನ ಚಿತ್ರ ನೋಡಿ ಕೊಂಡಿದ್ದೆ.

ಮುಂದಿನ ವರ್ಷ ಹಾಗೆ ಮಾಡಲಿಲ್ಲ. ಧಣಿಗಳ ಹತ್ತಿರ ನಾಲ್ಕು ದಿನ ರಜೆ ಬೇಡಿ, ಬೆಳಗಿನ ವಂಚಿನಾಡ್ ಎಕ್ಸ್‌ಪ್ರೆಸ್ಸಿನಲ್ಲಿ ಮಗನೊಂದಿಗೆ ತಿರುವನಂತಪುರಕ್ಕೆ ಹೊರಟೆ. ಅದಕ್ಕೂ ಮೊದಲು ಕೊಚ್ಚಿಯಲ್ಲೇ, ನಮ್ಮ ಹೋಟೆಲಿನಿಂದ ಒಂದು ಬಸ್ಸಿನ ದೂರದಲ್ಲಿದ್ದ ಕಳಮಶ್ಶೇರಿಗೆ ಹೋಗಿ ಬಂದೆವು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಾವು ‘ಯಾವ ಯೂನಿವರ್ಸಿಟಿ’ ಎಂದು ಕೇಳುತ್ತೇವೆ. ವಿಶ್ವವಿದ್ಯಾನಿಲಯಗಳಲ್ಲಿ ಎರಡು ಬಗೆ. ತಾನೇ ವಿಭಾಗಗಳನ್ನು ನಡೆಸಿ, ತಾನೇ ಕಲಿಸಿ, ತಾನೇ ಪರೀಕ್ಷೆ ಮಾಡುವುದು ಒಂದು ಬಗೆ. ಕಳಮಶ್ಶೇರಿಯಲ್ಲಿರುವ ಕೊಚ್ಚಿ ವಿಶ್ವವಿದ್ಯಾನಿಲಯ ಅಂಥದು. 1971ರಲ್ಲಿ ಸ್ಥಾಪನೆಯಾಯಿತು, 1986ರಲ್ಲಿ ವಿಜ್ಞಾನ-ತಂತ್ರಜ್ಞಾನ ವಿಶ್ವವಿದ್ಯಾನಿಲಯವಾಯಿತು, ಜನ ‘ಕುಸಾಟ್’ ಎನ್ನುತ್ತಾರೆ. ಅಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಇದೆ. ಪ್ರವೇಶಕ್ಕೆ ಅವರದೇ ಬೇರೆ ಪರೀಕ್ಷೆ. ಎರಡನೆಯ ಬಗೆಯಲ್ಲಿ ವಿಶ್ವವಿದ್ಯಾನಿಲಯವು ಪಾಠಪಟ್ಟಿ ಮಾಡಿ, ಪರೀಕ್ಷೆ ನಡೆಸಿ, ಪದವಿ ಕೊಡುತ್ತದೆ. ಕಲಿಸುವುದು ಅದಕ್ಕೆ ಸೇರಿದ ಕಾಲೇಜುಗಳು. ಕೇರಳದ ಹೆಚ್ಚಿನ ಇಂಜಿನಿಯರಿಂಗ್ ಕಾಲೇಜುಗಳು 2014ರಲ್ಲಿ ಸ್ಥಾಪಿತವಾದ ಎ.ಪಿ.ಜೆ. ಅಬ್ದುಲ್ ಕಲಾಂ ತಾಂತ್ರಿಕ ವಿಶ್ವವಿದ್ಯಾನಿಲಯಕ್ಕೆ ಸೇರಿವೆ. ಕರ್ನಾಟಕದಲ್ಲಿ 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ್ದೂ ಇದೇ ಪದ್ಧತಿ. ಆದುದರಿಂದ ಪದವಿಯ ಕಾಗದದ ಮೇಲೆ ಒಂದೇ ವಿಶ್ವವಿದ್ಯಾನಿಲಯದ ಹೆಸರಿದ್ದರೂ, ಒಬ್ಬನು ಒಳ್ಳೆಯ ಕಾರ್ಯಾಗಾರದಲ್ಲಿ ಕೈ ಮಸಿ ಮಾಡಿಕೊಂಡು ಬಂದಿರುತ್ತಾನೆ, ಇನ್ನೊಬ್ಬನು ಬಣ್ಣ ಬಳಿದ ಇಂಜಿನನ್ನು ದೂರದಿಂದ ನೋಡಿ ಬಂದಿರುತ್ತಾನೆ. ವಿಶ್ವವಿದ್ಯಾನಿಲಯದ ಹೆಸರು ಕೇಳಿ ಸುಮ್ಮನಾಗಬಾರದು. ಕಾಲೇಜನ್ನು ನೋಡಬೇಕು.

ಕಲಾಂ ಅವರ ಹೆಸರು ಬಂತು, ಹೇಳಿಯೇ ಬಿಡುತ್ತೇನೆ. ಅವರು ಓದಿದ್ದು ಮದ್ರಾಸಿನ ಕ್ರೋಂಪೇಟೆಯ ಎಂ.ಐ.ಟಿ.ಯಲ್ಲಿ. ಅದನ್ನು 1949ರಲ್ಲಿ ಸಿ. ರಾಜಂ ಎಂಬ ಉದ್ಯಮಿ ತಮ್ಮ ಮನೆ ಮಾರಿದ ಹಣ ಹಾಕಿ ಕಟ್ಟಿದರು. ಬೇರೆ ಕಾಲೇಜುಗಳಲ್ಲಿ ಕಾಣದ ವಿಮಾನ, ಮೋಟಾರು, ಇಲೆಕ್ಟ್ರಾನಿಕ್ಸ್ ಶಾಖೆಗಳು ಅಲ್ಲಿ ಮೊದಲಿನಿಂದಲೂ ಇದ್ದವು. ಕಲಾಂ ಅವರಿಗೆ ಸೀಟು ಸಿಕ್ಕಿತು, ಕಟ್ಟಲು ಸಾವಿರ ರೂಪಾಯಿ ಮನೆಯಲ್ಲಿ ಇರಲಿಲ್ಲ. ಅಕ್ಕ ಜೊಹರಾ ತನ್ನ ಚಿನ್ನದ ಬಳೆ-ಸರ ಅಡವಿಟ್ಟು ಹಣ ತಂದಳು. ಬಳೆ ಬಿಚ್ಚುವ ಕಥೆ ನಮ್ಮ ಮನೆಗಳದ್ದು ಮಾತ್ರವಲ್ಲ. ಆದರೆ ಆ ಬಳೆ ಹೋದದ್ದು ಸರಿಯಾದ ಕಡೆಗೆ.

ಈಗ ತಿರುವನಂತಪುರ. ಅಲ್ಲಿಯ ಹಿರಿಯ ಕಾಲೇಜು ಶ್ರೀಕಾರ್ಯಂನಲ್ಲಿರುವ ಸರಕಾರಿ ಇಂಜಿನಿಯರಿಂಗ್ ಕಾಲೇಜು. 1939ರಲ್ಲಿ ತಿರುವಾಂಕೂರು ಸಂಸ್ಥಾನದಲ್ಲಿ ಸ್ಥಾಪನೆಯಾದದ್ದು, ಇಂದಿನ ಕೇರಳದಲ್ಲಿ ಮೊದಲನೆಯದು. ಅಲ್ಲಿ ಸೀಟು ಸಿಕ್ಕಿದರೆ ಎರಡು ಮಾತಿಲ್ಲ, ಸೇರಿಬಿಡಬೇಕು. ಆದರೆ ಅದಕ್ಕೆ ಬೇಕಾದ ರ‍್ಯಾಂಕು ನನ್ನ ಮಗನಿಗೆ ಇರಲಿಲ್ಲ. ಗೇಟಿನಿಂದ ನೋಡಿ ಕೈಮುಗಿದು ಬಂದೆವು.

ನಾನು ಹೆಚ್ಚು ಹೊತ್ತು ಕಳೆದದ್ದು ಪಾಪ್ಪನಂಕೋಡಿನಲ್ಲಿ. ಇದರ ಹಿಂದೆ ಒಂದು ಸ್ವಾರಸ್ಯದ ಕಥೆ ಇದೆ. 1938ರ ಫೆಬ್ರವರಿ 20ರಂದು ತಿರುವಾಂಕೂರಿನ ಮಹಾರಾಜ ಶ್ರೀ ಚಿತ್ತಿರ ತಿರುನಾಳ್ ಅವರು ಸಂಸ್ಥಾನದ ಸರಕಾರಿ ಬಸ್ಸನ್ನು ಆರಂಭಿಸಿದರು. ಲಂಡನ್ನಿನ ಬಸ್ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಸಾಲ್ಟರ್ ಎಂಬ ಅಧಿಕಾರಿಯನ್ನು ಕರೆಸಿದರು. ಇಂಗ್ಲೆಂಡಿನಿಂದ 60 ಕಾಮರ್ ಚಾಸಿಗಳು ಬಂದವು, ಪರ್ಕಿನ್ಸ್ ಡೀಸೆಲ್ ಇಂಜಿನಿನವು. ಚಾಸಿ ಎಂದರೆ ಅಸ್ಥಿಪಂಜರ ಮಾತ್ರ. ಅದರ ಮೇಲೆ ಮೈ ಕಟ್ಟಿದವರು ಇಲ್ಲಿಯ ಕೆಲಸಗಾರರೇ. ಮೊದಲು ಚಾಕ್ಕದಲ್ಲಿದ್ದ ಆ ಕಾರ್ಯಾಗಾರ ಮುಂದೆ ಪಾಪ್ಪನಂಕೋಡಿಗೆ ಬಂತು. ಆ ಇಲಾಖೆಯೇ 1965ರಲ್ಲಿ ಕೇರಳ ರಾಜ್ಯ ರಸ್ತೆ ಸಾರಿಗೆ ನಿಗಮವಾಯಿತು. 1995ರಲ್ಲಿ ಆ ನಿಗಮದ ಆಶ್ರಯದಲ್ಲಿ ಅದೇ ಪಾಪ್ಪನಂಕೋಡಿನಲ್ಲಿ ಒಂದು ಇಂಜಿನಿಯರಿಂಗ್ ಕಾಲೇಜು ಹುಟ್ಟಿತು. ಶ್ರೀ ಚಿತ್ರ ತಿರುನಾಳ್ ಕಾಲೇಜು, ಅದೇ ಮಹಾರಾಜರ ಹೆಸರು. ಬಸ್ಸು ಓಡಿಸುವವರು ನಡೆಸುವ ಕಾಲೇಜು! ಹೋಟೆಲಿನವರೇ ಅಡಿಗೆಯ ಶಾಲೆ ನಡೆಸಿದಂತೆ.

ಅಲ್ಲಿ ಮೋಟಾರು ವಿಭಾಗವಿದೆ. ನಾವು ಹೋದಾಗ ಅದರ ಹೆಸರು ‘ಮೆಕ್ಯಾನಿಕಲ್ (ಆಟೋಮೊಬೈಲ್)’ ಎಂದಿತ್ತು. ಆ ಹೆಸರನ್ನು ಗಮನಿಸಿ, ಮುಂದೆ ಅದರ ಮಾತಿಗೆ ಬರುತ್ತೇನೆ.

ನಾನು ಆಫೀಸಿಗೆ ಮೊದಲು ಹೋಗಲಿಲ್ಲ. ಹೊರಗಿನ ಚಹಾದಂಗಡಿಯಲ್ಲಿ ಕುಳಿತೆ. ನಲವತ್ತು ವರ್ಷ ಗಿರಾಕಿಗಳ ಮಾತು ಕೇಳಿದವನಿಗೆ ಅದಕ್ಕಿಂತ ಒಳ್ಳೆಯ ಆಫೀಸು ಬೇಕಿಲ್ಲ. ಮೂರನೆಯ ವರ್ಷದ ಹುಡುಗರು ಬಂದರು. ಒಬ್ಬನ ಅಂಗಿಯ ತೋಳಿಗೆ ಗ್ರೀಸು ಮೆತ್ತಿತ್ತು. ಅದನ್ನು ನೋಡಿದಾಗಲೇ ಅರ್ಧ ಸಮಾಧಾನವಾಯಿತು. ಮಗನಿಗೆ ನಾನು ಮೊದಲೇ ಹೇಳಿಕೊಟ್ಟಿದ್ದೆ. ಕಾಲೇಜು ಚೆನ್ನಾಗಿದೆಯೇ ಎಂದು ಕೇಳಬೇಡ, ಎಲ್ಲರೂ ಹೌದೆನ್ನುತ್ತಾರೆ. ಕೊನೆಯ ಸಲ ಇಂಜಿನು ಬಿಚ್ಚಿದ್ದು ಯಾವಾಗ, ಎಷ್ಟು ಮಂದಿಗೆ ಒಂದು ಇಂಜಿನು, ಬಿಚ್ಚಿದ್ದನ್ನು ನೀವೇ ಕೂಡಿಸಿದಿರೋ ಅಥವಾ ಮೆಕ್ಯಾನಿಕನು ಕೂಡಿಸಿದನೋ, ಹೋದ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ, ಒಬ್ಬಿಬ್ಬರ ಫೋನು ನಂಬರು ಸಿಕ್ಕೀತೇ ಎಂದು ಕೇಳು ಎಂದಿದ್ದೆ. ಹುಡುಗರು ಹುಡುಗರಿಗೆ ಸುಳ್ಳು ಹೇಳುವುದು ಕಡಿಮೆ. ಅಲ್ಲಿಯ ಕುಂದುಕೊರತೆಗಳನ್ನೂ ಹೇಳಿದರು. ಯಾವ ಕಾಲೇಜಿಗೂ ಕೊರತೆ ಇಲ್ಲದೆ ಇಲ್ಲ. ಕೊರತೆಯನ್ನು ಬಾಯಿಬಿಟ್ಟು ಹೇಳುವ ವಿದ್ಯಾರ್ಥಿಗಳಿರುವ ಕಾಲೇಜೇ ಲೇಸೆಂದು ನನಗನ್ನಿಸಿತು.

ಇನ್ನೊಂದು ವಿಷಯ. ವಿದ್ಯಾರ್ಥಿಗಳು ತಾವೇ ಒಂದು ಗಾಡಿ ಕಟ್ಟಿ, ಇತರ ಕಾಲೇಜುಗಳ ಗಾಡಿಗಳೊಡನೆ ಓಡಿಸಿ ನೋಡುವ ಸ್ಪರ್ಧೆಗಳಿವೆ. ಮಧ್ಯಪ್ರದೇಶದ ಪೀತಂಪುರದಲ್ಲಿ 2007ರಲ್ಲಿ ಆರಂಭವಾದ ‘ಬಾಹಾ’ ಎಂಬುದು ಅದರಲ್ಲಿ ಪ್ರಸಿದ್ಧ. ಕಾಲೇಜಿನ ತಂಡ ಅಂಥದರಲ್ಲಿ ಭಾಗವಹಿಸುತ್ತದೆಯೇ ಎಂದು ಕೇಳಬೇಕು. ಗೆಲ್ಲುವುದು ಮುಖ್ಯವಲ್ಲ. ಆ ಗಾಡಿ ಕಟ್ಟುವವರಿಗೆ ರಾತ್ರಿ ಕಾರ್ಯಾಗಾರದ ಬೀಗ ತೆರೆದಿರುತ್ತದೆ. ಬೀಗದ ಕೈ ಯಾರಲ್ಲಿದೆ ಎಂಬುದರಿಂದಲೇ ಕಾಲೇಜಿನ ಬುದ್ಧಿ ತಿಳಿಯುತ್ತದೆ.

ಇನ್ನು ಆ ಹೆಸರಿನ ಮಾತು. ಆಟೋಮೊಬೈಲ್ ಓದಬೇಕೋ, ಮೆಕ್ಯಾನಿಕಲ್ ಓದಬೇಕೋ? ಇದನ್ನು ನಾನು ಪುಸ್ತಕದಿಂದ ಹೇಳುವುದಿಲ್ಲ, ನಮ್ಮ ಗಿರಣಗಾಂವಿನಿಂದ ಹೇಳುತ್ತೇನೆ.

ನನ್ನ ಅಣ್ಣ ಪರಳಿನ ಗಿರಣಿಯೊಂದರಲ್ಲಿ ಸಾಂಚೆಯ ಮೇಲೆ ಇದ್ದ. ಒಳ್ಳೆಯ ಕೆಲಸಗಾರ. ನಾಲ್ಕು ಸಾಂಚೆಗಳನ್ನು ಒಟ್ಟಿಗೆ ನೋಡಿಕೊಳ್ಳುತ್ತಿದ್ದ. ಅದೇ ಚಾಳಿನಲ್ಲಿ, ಗೋಡೆಯ ಆಚೆ, ಅದೇ ಗಿರಣಿಯ ಫಿಟ್ಟರನೊಬ್ಬನಿದ್ದ. ಇಬ್ಬರ ಪಗಾರಕ್ಕೂ ಹೆಚ್ಚು ಅಂತರವಿರಲಿಲ್ಲ. 1982ರ ಮುಷ್ಕರ ಬಂತು. ಅದರ ಕಥೆ ಇಲ್ಲಿ ಕುಳಿತ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ. ಗಿರಣಿ ಮತ್ತೆ ಸರಿಯಾಗಿ ತೆರೆಯಲಿಲ್ಲ. ಫಿಟ್ಟರನು ಆರು ತಿಂಗಳೊಳಗೆ ಠಾಣೆಯ ಔಷಧಿ ಕಾರ್ಖಾನೆಯೊಂದರಲ್ಲಿ ಪಂಪು-ಬಾಯ್ಲರುಗಳ ಕೆಲಸಕ್ಕೆ ಸೇರಿದ. ಬೇರಿಂಗು ಎಲ್ಲಿದ್ದರೂ ಬೇರಿಂಗೇ ಅಲ್ಲವೇ! ನನ್ನ ಅಣ್ಣನ ಕೈಯಲ್ಲಿದ್ದ ವಿದ್ಯೆ ಸಾಂಚೆಯದು. ಸಾಂಚೆ ನಿಂತಿತು, ವಿದ್ಯೆಯೂ ನಿಂತಿತು. ಎರಡು ವರ್ಷ ಬದಲಿಯಾಗಿ ಅಲ್ಲಿ ಇಲ್ಲಿ ಅಲೆದು, ಕಡೆಗೆ ನನ್ನ ಹೋಟೆಲಿಗೇ ಬಂದು ತರಕಾರಿ ಹೆಚ್ಚಿದ. ಅವನು ದಡ್ಡನಾಗಿರಲಿಲ್ಲ, ಸೋಮಾರಿಯಾಗಿರಲಿಲ್ಲ. ಒಂದೇ ಯಂತ್ರವನ್ನು ಕಲಿತಿದ್ದ, ಅಷ್ಟೇ.

ಮಾಟುಂಗಾದ ವಿ.ಜೆ.ಟಿ.ಐ. ಎದುರು ನೀವೆಲ್ಲ ಓಡಾಡುತ್ತೀರಿ. 1887ರಲ್ಲಿ ಅದನ್ನು ಸ್ಥಾಪಿಸಿದಾಗ ಈ ಊರಿನ ಬಟ್ಟೆ ಗಿರಣಿಗಳಿಗೆ ಬೇಕಾದ ತಜ್ಞರನ್ನು ತಯಾರಿಸುವುದು ಒಂದು ಮುಖ್ಯ ಉದ್ದೇಶವಾಗಿತ್ತು. ಗಿರಣಿಗಳು ಹೋದವು, ಕಾಲೇಜು ನಿಂತಿದೆ. ಯಾತಕ್ಕೆ? ಅದು ಬಟ್ಟೆಯ ಜೊತೆಗೆ ಮೊದಲಿನಿಂದಲೂ ಮೆಕ್ಯಾನಿಕಲ್ಲನ್ನು ಕಲಿಸಿತ್ತು.

ಇಂದು ಮೋಟಾರಿನ ಉದ್ಯಮದಲ್ಲಿ ಅಂಥದೇ ಕಾಲ ಬಂದಿದೆ. ಹೆದರಿಸಲು ಹೇಳುವುದಿಲ್ಲ, ನಾನು ಕಂಡದ್ದನ್ನು ಹೇಳುತ್ತೇನೆ. ತಿರುವನಂತಪುರದ ಹತ್ತಿರ ಆರಾಲುಮ್ಮೂಡಿನಲ್ಲಿ ಕೇರಳ ಆಟೋಮೊಬೈಲ್ಸ್ ಎಂಬ ಸರಕಾರಿ ಕಾರ್ಖಾನೆ ಇದೆ. 1978ರಲ್ಲಿ ಆರಂಭವಾಯಿತು, ಆಟೋರಿಕ್ಷಾ ಮತ್ತು ಮೂರು ಗಾಲಿಯ ಸಾಮಾನು ಗಾಡಿಗಳನ್ನು ಮಾಡಿತು. 2019ರಲ್ಲಿ ಅದೇ ಕಾರ್ಖಾನೆಯಿಂದ ‘ನೀಂ ಜಿ’ ಎಂಬ ವಿದ್ಯುತ್ ಆಟೋ ಹೊರಬಂತು. ಅದರಲ್ಲಿ ಪಿಸ್ಟನಿಲ್ಲ, ಕಾರ್ಬೊರೇಟರಿಲ್ಲ, ಸೈಲೆನ್ಸರಿಲ್ಲ. 2022ರಲ್ಲಿ ತಿರುವನಂತಪುರದ ರಸ್ತೆಗೆ ವಿದ್ಯುತ್ ಬಸ್ಸುಗಳು ಬಂದವು. 2023ರ ಏಪ್ರಿಲಿನಲ್ಲಿ ಕೊಚ್ಚಿಯ ಹಿನ್ನೀರಿನಲ್ಲಿ ‘ವಾಟರ್ ಮೆಟ್ರೋ’ ಆರಂಭವಾಯಿತು. ಕೊಚ್ಚಿ ಹಡಗುಕಟ್ಟೆಯಲ್ಲೇ ಕಟ್ಟಿದ, ಬ್ಯಾಟರಿಯಿಂದ ಓಡುವ ದೋಣಿಗಳು. ಅವುಗಳಲ್ಲಿ ಕುಳಿತರೆ ನೀರಿನ ಸದ್ದು ಕೇಳಿಸುತ್ತದೆ. ಮೊದಲಿನ ದೋಣಿಗಳಲ್ಲಿ ಪಕ್ಕದವನ ಮಾತೂ ಕೇಳಿಸುತ್ತಿರಲಿಲ್ಲ. ಇನ್ನು ತಿರುವನಂತಪುರದ ಟೆಕ್ನೋಪಾರ್ಕು, 1990ರಲ್ಲಿ ಸ್ಥಾಪಿತವಾದದ್ದು, ಕಂಪ್ಯೂಟರಿನವರ ಊರು. ಅಲ್ಲಿಗೆ 2018ರಲ್ಲಿ ಜಪಾನಿನ ನಿಸಾನ್ ಕಾರು ಕಂಪನಿ ತನ್ನ ಡಿಜಿಟಲ್ ಕೇಂದ್ರವನ್ನು ತಂದಿತು. ಟಾಟಾ ಎಲ್ಕ್ಸಿಯವರು ಅಲ್ಲಿ ಕುಳಿತು ಕಾರುಗಳಿಗೆ ಬೇಕಾದ ತಂತ್ರಾಂಶ ಮಾಡುತ್ತಾರೆ. ಒಂದು ಕಾರನ್ನೂ ತಯಾರಿಸದ ಊರಿನಲ್ಲಿ ಕಾರಿನ ಇಂಜಿನಿಯರುಗಳಿಗೆ ಕೆಲಸ!

ಹೀಗಿರುವಾಗ ಹದಿನೆಂಟು ವರ್ಷದ ಹುಡುಗನಿಗೆ ಪೆಟ್ರೋಲ್ ಇಂಜಿನನ್ನು ಮಾತ್ರ ಕಲಿಸುವ ಕಾಲೇಜು ಅವನನ್ನು ಸಾಂಚೆಯ ಮುಂದೆ ನಿಲ್ಲಿಸಿದಂತೆ. ಶಾಖದ ಲೆಕ್ಕ, ಲೋಹದ ಗುಣ, ಗಾಲಿಯ ಮೇಲೆ ಬೀಳುವ ಭಾರ, ಬ್ರೇಕಿನ ಲೆಕ್ಕ, ಇವು ಬ್ಯಾಟರಿಯ ಗಾಡಿಗೂ ಬೇಕು. ಬ್ಯಾಟರಿ ಬಿಸಿಯಾದರೆ ತಣಿಸುವವನು ಮೆಕ್ಯಾನಿಕಲ್ಲಿನವನೇ. ಇವುಗಳ ಜೊತೆಗೆ ಮೋಟಾರು-ಸರ್ಕ್ಯೂಟು, ಸ್ವಲ್ಪ ಕಂಪ್ಯೂಟರು ಬೇಕು. ಆದುದರಿಂದ ಬುಡ ಮೆಕ್ಯಾನಿಕಲ್ಲಿನದಾಗಿದ್ದು ಮೇಲೆ ಮೋಟಾರಿನ ಕೊಂಬೆ ಇದ್ದರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಕೆಲವು ಪರೀಕ್ಷೆಗಳ ವಿಷಯವನ್ನೂ ತಿಳಿದಿರಿ. ಎಂ.ಟೆಕ್. ಓದಲು ಬರೆಯುವ, ಕೆಲವು ಸರಕಾರಿ ಕಂಪನಿಗಳು ನೌಕರಿಗೂ ಪರಿಗಣಿಸುವ ‘ಗೇಟ್’ ಪರೀಕ್ಷೆಯಲ್ಲಿ ಆಟೋಮೊಬೈಲಿಗೆ ಪ್ರತ್ಯೇಕ ಪ್ರಶ್ನೆಪತ್ರಿಕೆಯೇ ಇಲ್ಲ. ಕೇಂದ್ರ ಸರಕಾರದ ಇಂಜಿನಿಯರಿಂಗ್ ಸೇವೆಯ ಪರೀಕ್ಷೆಯಲ್ಲೂ ಇಲ್ಲ. ಎರಡೂ ಕಡೆ ಮೆಕ್ಯಾನಿಕಲ್ಲಿನ ಪತ್ರಿಕೆಯನ್ನೇ ಬರೆಯಬೇಕು. ಹಾಗೆಂದು ಆಟೋಮೊಬೈಲ್ ಪದವಿ ಕೆಟ್ಟದೆಂದು ನಾನು ಹೇಳುವುದಿಲ್ಲ. ಬೋರ್ಡಿನ ಮೇಲೆ ಏನು ಬರೆದಿದೆ ಎಂಬುದನ್ನು ಬಿಟ್ಟು, ಎಂಟು ಸೆಮಿಸ್ಟರುಗಳ ಪಾಠಪಟ್ಟಿ ತರಿಸಿ, ತಿಳಿದವರೊಬ್ಬರಿಂದ ಓದಿಸಿ. ವಿದ್ಯುತ್ ವಾಹನದ ವಿಷಯ ಒಂದು ಪುಟದಲ್ಲಿ ಮುಗಿದಿದೆಯೋ, ಪ್ರಯೋಗಶಾಲೆಯಲ್ಲೂ ಇದೆಯೋ ನೋಡಿ.

ನನ್ನ ಮಗ 2017ರಲ್ಲಿ ಪಾಪ್ಪನಂಕೋಡಿಗೆ ಸೇರಿದ, 2021ರಲ್ಲಿ ಮುಗಿಸಿದ. ನಡುವೆ ಕೊರೋನಾ ಬಂದು ಕಾರ್ಯಾಗಾರವಿಲ್ಲದೆ ಮನೆಯಲ್ಲಿ ಕುಳಿತು ಫೋನಿನಲ್ಲಿ ಪಾಠ ಕೇಳಿದ್ದೂ ಆಯಿತು. ಈಗ ವಾಹನಗಳ ತಂತ್ರಾಂಶ ಪರೀಕ್ಷೆ ಮಾಡುವ ಒಂದು ಕಂಪನಿಯಲ್ಲಿದ್ದಾನೆ. ಹೋದ ದೀಪಾವಳಿಗೆ ಬಂದಾಗ, “ಅಪ್ಪಯ್ಯ, ಎರಡನೇ ವರ್ಷ ಇಲೆಕ್ಟ್ರಿಕಲ್ ಪಾಠ ನಡೆವಾಗ ನಾನು ಕ್ಯಾಂಟೀನಿನಲ್ಲಿ ಕೂತಿದ್ದೆ, ಈಗ ಅದನ್ನೇ ರಾತ್ರಿ ಕೂತು ಓದ್ತಾ ಇದ್ದೇನೆ” ಎಂದ. ಈ ಮಾತನ್ನು ಇಲ್ಲಿಯ ಹುಡುಗರಿಗೆ ಹೇಳೆಂದು ಅವನೇ ಕಳಿಸಿದ್ದಾನೆ.

ಇನ್ನು ಪ್ರವೇಶದ ದಾರಿ. ಕೇರಳದಲ್ಲಿ ‘ಕೀಮ್’ ಎಂಬ ಪ್ರವೇಶ ಪರೀಕ್ಷೆ ಇದೆ. ಅದರಲ್ಲಿ ಕೇರಳೀಯರಲ್ಲದವರನ್ನು ಎರಡು ವರ್ಗ ಮಾಡಿದ್ದಾರೆ. ನಮ್ಮಂತೆ ಅಲ್ಲೇ ದುಡಿದು, ಮಕ್ಕಳನ್ನು ಅಲ್ಲೇ ಓದಿಸಿದವರದು ಒಂದು ವರ್ಗ, ಹೊರಗಿನಿಂದ ಬರುವವರದು ಇನ್ನೊಂದು. ಎರಡನೆಯವರಿಗೆ ಬಾಗಿಲು ಬಹಳ ಕಿರಿದು. ಕುಸಾಟ್‌ನ ಪರೀಕ್ಷೆಯಲ್ಲಿ ಅಖಿಲ ಭಾರತದ ಸೀಟುಗಳಿವೆ. ಆದುದರಿಂದ ಮುಂಬಯಿಯಲ್ಲಿ ಓದಿದ ಮಕ್ಕಳು ಕೇರಳವೇ ಬೇಕೆಂದರೆ ಅದನ್ನು ನೋಡಬಹುದು. ಆದರೆ ನಿಮ್ಮಲ್ಲಿ ಹೆಚ್ಚಿನವರಿಗೆ ಅಷ್ಟು ದೂರ ಹೋಗುವ ಕಾರಣವಿಲ್ಲ. ಮೋಟಾರು ಕಾರ್ಖಾನೆಗಳ ಪುಣೆ ಇಲ್ಲೇ ಪಕ್ಕದಲ್ಲಿದೆ. ವಾಹನಗಳನ್ನು ಪರೀಕ್ಷಿಸುವ ಎ.ಆರ್.ಎ.ಐ. ಸಂಸ್ಥೆ ಅಲ್ಲಿ 1966ರಿಂದ ಇದೆ. ನಾನು ಕೊಚ್ಚಿಯ ಕಥೆ ಹೇಳಿದ್ದು ನಾನು ಅಲ್ಲಿದ್ದೆ ಎಂಬ ಕಾರಣಕ್ಕೆ. ನೀವು ಎಲ್ಲಿದ್ದೀರೋ ಅಲ್ಲಿಯ ಚಹಾದಂಗಡಿಯಲ್ಲಿ ಕುಳಿತು ವಿಚಾರಿಸಿ.

ಊರ ಕಡೆಗೆ ಕಳಿಸುವ ಆಸೆ ಇದ್ದವರಿಗೆ ಒಂದು ಮಾತು. ಕರ್ನಾಟಕದ ಸಿ.ಇ.ಟಿ.ಯಲ್ಲಿ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆಂದು ನಿಯಮವಿದೆ. ಆದರೆ ಬೆಂಗಳೂರಿಗೆ ಹೋಗಿ ಕನ್ನಡದ ಪರೀಕ್ಷೆಯೊಂದರಲ್ಲಿ ಪಾಸಾಗಬೇಕು. ಮನೆಯಲ್ಲಿ ಕನ್ನಡ ಮಾತಾಡಿದರೆ ಸಾಲದು, ಓದಿ ಬರೆಯಲು ಬರಬೇಕು. ನಮ್ಮ ಸಂಘದ ಕನ್ನಡ ವರ್ಗಕ್ಕೆ ಮಕ್ಕಳನ್ನು ಕಳಿಸಿರೆಂದು ಕಾರ್ಯದರ್ಶಿಗಳು ಪ್ರತಿ ವರ್ಷ ಗಂಟಲು ಹರಿದುಕೊಳ್ಳುವುದು ಬರಿಯ ಅಭಿಮಾನಕ್ಕಲ್ಲ, ಕೆಲವರಿಗೆ ಅದು ಒಂದು ಸೀಟಿನ ಬೆಲೆ. ಹಾಸನ, ಮಂಡ್ಯಗಳ ಕಾಲೇಜುಗಳು ಆಟೋಮೊಬೈಲ್ ಶಾಖೆ ತೆರೆದು ಹೆಸರು ಮಾಡಿದವು. ಈಚೆಗೆ ಸೇರುವವರು ಕಡಿಮೆಯಾಗಿ ಆ ಶಾಖೆಯನ್ನು ಮುಚ್ಚಿದ ಕಾಲೇಜುಗಳೂ ಇವೆ. ಆಯಾ ವರ್ಷದ ಸೀಟುಪಟ್ಟಿಯನ್ನೇ ನೋಡಬೇಕು, ಭಾವನ ಮಗ ಇಪ್ಪತ್ತು ವರ್ಷದ ಹಿಂದೆ ಅಲ್ಲಿ ಓದಿದ ಎಂದು ಹೊರಡಬೇಡಿ.

ಹಣದ ವಿಷಯ. ಇದಕ್ಕೆ ನೀವು ಕಿವಿ ನಿಮಿರಿಸುತ್ತೀರೆಂದು ಬಲ್ಲೆ. ಎ.ಐ.ಸಿ.ಟಿ.ಇ.ಯ ಟಿ.ಎಫ್.ಡಬ್ಲ್ಯು. ಎಂಬ ಯೋಜನೆಯಲ್ಲಿ ನೂರಕ್ಕೆ ಐದರವರೆಗೆ ಹೆಚ್ಚುವರಿ ಸೀಟುಗಳಿಗೆ ಬೋಧನಾ ಶುಲ್ಕ ಮಾಫಿ. ಮನೆಯ ವರ್ಷದ ಆದಾಯ 8 ಲಕ್ಷದೊಳಗಿರಬೇಕು, ಅಂಕದ ಮೇಲೆ ಸಿಗುತ್ತದೆ. ಸೇರಿದ ಮೇಲೆ ಕಾಲೇಜನ್ನಾಗಲಿ ಶಾಖೆಯನ್ನಾಗಲಿ ಬದಲಿಸುವ ಹಾಗಿಲ್ಲ. ಹೆಣ್ಣುಮಕ್ಕಳಿಗೆ ‘ಪ್ರಗತಿ’ ವಿದ್ಯಾರ್ಥಿವೇತನ ವರ್ಷಕ್ಕೆ 50,000 ರೂಪಾಯಿ, ಡಿಪ್ಲೊಮಾಕ್ಕೂ ಪದವಿಗೂ ಇದೆ. ಬ್ಯಾಂಕಿನಲ್ಲಿ 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡವು ಕೇಳಬಾರದೆಂದು ನಿಯಮವಿದೆ. ವರ್ಷದ ಆದಾಯ 4.5 ಲಕ್ಷದೊಳಗಿದ್ದರೆ ಓದುವ ಕಾಲದ ಬಡ್ಡಿಯನ್ನು ಕೇಂದ್ರ ಸರಕಾರ ಕೊಡುವ ಯೋಜನೆಯೂ ಇದೆ, ಆದರೆ ಕಾಲೇಜಿಗೆ ನ್ಯಾಕ್ ಅಥವಾ ಎನ್.ಬಿ.ಎ. ಮಾನ್ಯತೆ ಇರಬೇಕೆಂದು ಕೇಳುತ್ತಾರೆ. ಮಾನ್ಯತೆ ಇಡೀ ಕಾಲೇಜಿಗೋ ಆ ಶಾಖೆಗೋ, ಯಾವ ವರ್ಷದವರೆಗೆ ಎಂಬುದನ್ನು ಬರೆಸಿಕೊಳ್ಳಿ. ಇವನ್ನೆಲ್ಲ ವಿಚಾರಿಸಿದ ಮೇಲೆ ಬಳೆಯ ಮಾತು. ನಾನು ಮೊದಲು ಬಳೆಗೆ ಕೈ ಹಾಕಿದೆ.

ಹನ್ನೆರಡನೆಯ ತರಗತಿಯಲ್ಲಿ ಗಣಿತ ಕೈಕೊಟ್ಟ ಮಕ್ಕಳ ತಂದೆಗಳು ಇಲ್ಲಿ ತಲೆ ತಗ್ಗಿಸಿ ಕುಳಿತಿದ್ದೀರಿ. ತಲೆ ಎತ್ತಿ. ಮೋಟಾರಿನ ವಿದ್ಯೆಗೆ ಹಿಂಬಾಗಿಲಿದೆ, ಅದು ಅಡಿಗೆಮನೆಯ ಬಾಗಿಲು, ನಮ್ಮದೇ. ಹತ್ತನೆಯ ತರಗತಿ ಆದವನು ಐ.ಟಿ.ಐ.ಯಲ್ಲಿ ಎರಡು ವರ್ಷ ಮೋಟಾರು ಮೆಕ್ಯಾನಿಕನ ಕಸಬು ಕಲಿತರೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಮುಗಿಸಿದವನು ಬಿ.ಇ.ಯ ಎರಡನೆಯ ವರ್ಷಕ್ಕೆ ಸೇರಬಹುದು. ನಡುವೆ 1961ರ ಅಪ್ರೆಂಟಿಸ್ ಕಾಯಿದೆಯಂತೆ ಭತ್ಯೆ ಪಡೆಯುತ್ತಾ ಕಾರ್ಖಾನೆಯಲ್ಲಿ ಕಲಿಯಲೂ ಬಹುದು. ಒಂದೆರಡು ವರ್ಷ ಹೆಚ್ಚು ಹಿಡಿದೀತು. ಆದರೆ ಅವನು ಯಾವ ಮೆಟ್ಟಿಲಲ್ಲಿ ನಿಂತರೂ ಕೈಯಲ್ಲಿ ಒಂದು ಕಸಬು ಇರುತ್ತದೆ. ಬಿ.ಇ. ನಡುವೆ ಬಿಟ್ಟವನ ಕೈಯಲ್ಲಿ ಏನಿರುತ್ತದೆ? ಆರ್.ಟಿ.ಓ. ಕಚೇರಿಯ ಮೋಟಾರು ಇನ್‌ಸ್ಪೆಕ್ಟರರ ನೌಕರಿಗೂ ಆಟೋಮೊಬೈಲ್ ಅಥವಾ ಮೆಕ್ಯಾನಿಕಲ್ ಡಿಪ್ಲೊಮಾ, ಡ್ರೈವಿಂಗ್ ಲೈಸೆನ್ಸು ಇವೇ ಮುಖ್ಯ. ಬಿಡದಿಯಲ್ಲಿ ಟೊಯೋಟಾದವರು 2007ರಲ್ಲಿ ಒಂದು ತರಬೇತಿ ಶಾಲೆ ತೆರೆದಿದ್ದಾರೆ. ಕರ್ನಾಟಕದ ಹಳ್ಳಿಗಳ ಬಡಮಕ್ಕಳನ್ನು ಹತ್ತನೆಯ ತರಗತಿಯ ನಂತರ ಆರಿಸಿ, ಅಲ್ಲೇ ಇರಿಸಿಕೊಂಡು ಮೂರು ವರ್ಷ ಕಲಿಸುತ್ತಾರೆ. ಊರಿನಲ್ಲಿರುವ ನಿಮ್ಮ ತಮ್ಮಂದಿರ ಮಕ್ಕಳಿಗೆ ಇದನ್ನು ತಿಳಿಸಿ.

ಸಭೆ ಆರಂಭವಾಗುವ ಮೊದಲು ಒಬ್ಬ ತಾಯಿ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, “ಅಣ್ಣಾ, ನನ್ನ ಮಗಳು ಮೋಟಾರಿನ ಓದು ಅಂತಾಳೆ, ಹುಡುಗಿಯರಿಗೆ ಅದು ಆಗ್ತದಾ?” ಎಂದು ಕೇಳಿದರು. ಪಾಪ್ಪನಂಕೋಡಿನ ಆ ಚಹಾದಂಗಡಿಯಲ್ಲಿ ತೋಳಿಗೆ ಗ್ರೀಸು ಮೆತ್ತಿಕೊಂಡು ಬಂದಿದ್ದವರಲ್ಲಿ ಇಬ್ಬರು ಹುಡುಗಿಯರೂ ಇದ್ದರು. ಒಬ್ಬಳು ನನ್ನ ಮಗನಿಗೆ ಗೇರುಬಾಕ್ಸಿನ ಚಿತ್ರವನ್ನು ಕಾಗದದ ಮೇಲೆ ಬರೆದು ತೋರಿಸಿದಳು. ಅವನು ಆ ಕಾಗದವನ್ನು ಇನ್ನೂ ಇಟ್ಟುಕೊಂಡಿದ್ದಾನೆ. ಯಾತಕ್ಕೆಂದು ನಾನು ಕೇಳಿಲ್ಲ.

ಫಾರಮು ತುಂಬುವ ದಿನಗಳು ಹತ್ತಿರ ಬಂದಿವೆ. ಮುಂದಿನ ನಾಲ್ಕು ರವಿವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ನಾನು ಇದೇ ಸಭಾಗೃಹದಲ್ಲಿ ಇರುತ್ತೇನೆ. ಮಾರ್ಕುಕಾರ್ಡು, ಆದಾಯದ ದಾಖಲೆ, ಯಾರಾದರೂ ಕೊಟ್ಟ ಬಣ್ಣದ ಪುಸ್ತಿಕೆ ಇದ್ದರೆ ಅದನ್ನೂ ತನ್ನಿ. ಮಕ್ಕಳನ್ನು ಕರೆತನ್ನಿ. ಹಣ ಮಾತ್ರ ಯಾರಿಗೂ ಕೊಟ್ಟು ಬರಬೇಡಿ.